ಗಾಣಕ್ಕೆ ಕಟ್ಟಿದರೂ ಕಣ್ಣಿಗೆ ಬಟ್ಟೆ ಕಟ್ಟಲಾಗಲಿಲ್ಲ

ಗಾಣದೆತ್ತು ದಿನವಿಡೀ ನಡೆದರೂ ಊರು ಸೇರುವುದಿಲ್ಲ ಅಂತ ನಮ್ಮ ಕಡೆ ಹೇಳುವುದುಂಟು. ಎಣ್ಣೆ ಮಿಲ್ಲುಗಳು ಬಂದ ಮೇಲೆ ಗಾಣ ಕಂಡವರು ಕಡಿಮೆಯಾಗಿದ್ದಾರೆ, ಆದ್ದರಿಂದ ಒಂದು ಮಾತು ಹೇಳಿಬಿಡುತ್ತೇನೆ. ದೊಡ್ಡ ಒರಳು, ಅದರೊಳಗೆ ತಿರುಗುವ ದಪ್ಪ ಮರದ ಒನಕೆ, ಒನಕೆಗೆ ಸೇರಿಸಿದ ಉದ್ದನೆಯ ಮರ, ಮರದ ಮೇಲೆ ಭಾರಕ್ಕೆ ಕಲ್ಲು, ತುದಿಗೆ ಎತ್ತು. ಎತ್ತು ಸುತ್ತಿದಂತೆಲ್ಲ ಒರಳಿನ ಎಳ್ಳೋ ಕಡಲೆಕಾಯಿಯೋ ಅರೆದು ಎಣ್ಣೆ ಬಿಡುತ್ತದೆ, ಹಿಂಡಿ ಉಳಿಯುತ್ತದೆ. ಎತ್ತಿನ ಕಣ್ಣಿಗೆ ಬಟ್ಟೆ ಕಟ್ಟುತ್ತಾರೆ. ಸುತ್ತಿದ ಜಾಗವನ್ನೇ ಸುತ್ತುತ್ತಿದ್ದೇನೆ ಅಂತ ಅದಕ್ಕೆ ತಿಳಿಯಬಾರದು, ತಿಳಿದರೆ ತಲೆ ತಿರುಗುತ್ತದೆ, ನಿಂತುಬಿಡುತ್ತದೆ.

ಕೊಯಮತ್ತೂರು ಸೆಂಟ್ರಲ್ ಜೈಲಿನಲ್ಲಿ ಇಂಥದ್ದೊಂದು ಗಾಣಕ್ಕೆ ಎತ್ತಿನ ಬದಲು ಒಬ್ಬ ವಕೀಲರನ್ನು ಕಟ್ಟಿದ್ದರು. ತಮಿಳರು ಅವರನ್ನು ವ.ಉ.ಸಿ. ಅಂತಾರೆ. ಪೂರ್ತಿ ಹೆಸರು ವ. ಉ. ಚಿದಂಬರಂ ಪಿಳ್ಳೆ. ಗಾಣಕ್ಕೆ ಬರುವ ಮೊದಲು ಅವರು ಬ್ರಿಟಿಷರ ಎದುರಿಗೆ ಸಮುದ್ರದ ಮೇಲೆ ಹಡಗು ಓಡಿಸಿದ್ದವರು.

ಚಾಮರಾಜನಗರ, ಹಾಸನೂರು, ತಾಳವಾಡಿ ಕಡೆಯಿಂದ ದಿಂಬಂ ಘಾಟಿ ಇಳಿದು, ಬಣ್ಣಾರಿ, ಸತ್ಯಮಂಗಲ, ಪುಳಿಯಂಪಟ್ಟಿ ದಾಟಿ ಕೊಯಮತ್ತೂರಿಗೆ ಹೋಗುವ ನಮ್ಮ ಜನಕ್ಕೆ ಗಾಂಧಿಪುರಂ ಬಸ್ ನಿಲ್ದಾಣ ಗೊತ್ತು. ಅಲ್ಲಿಂದ ನಂಜಪ್ಪ ರಸ್ತೆಗೆ ಬಂದರೆ ಜೈಲಿನ ಗೋಡೆ. ಪಟ್ಟಣದಲ್ಲಿ ವ.ಉ.ಸಿ. ಹೆಸರಿನ ಪಾರ್ಕೂ ಇದೆ, ಮೈದಾನವೂ ಇದೆ. ಅರಿಸಿನ, ಕಡಲೆಕಾಯಿ, ಆಲೂಗಡ್ಡೆ ಲೋಡು ಇಳಿಸಿ, ಸಂಜೆ ಬಸ್ಸಿಗೆ ಹೊತ್ತಿದೆ ಅಂತ ಆ ಪಾರ್ಕಿನಲ್ಲಿ ಕೂತು ಬಂದವರು ನಮ್ಮಲ್ಲಿ ಬೇಕಾದಷ್ಟು ಜನ. ಆ ಮೂರು ಅಕ್ಷರ ಯಾರದು ಅಂತ ವಿಚಾರಿಸಿದವರು ಎಷ್ಟು ಜನವೋ ಗೊತ್ತಿಲ್ಲ. ನಮಗೆ ಅವರು ಪೂರಾ ಹೊರಗಿನವರೇನಲ್ಲ. ಅವರು ಆ ಜೈಲಿನಲ್ಲಿದ್ದಾಗ ನಮ್ಮ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಗೇ ಸೇರಿತ್ತು, 1956ರ ನವೆಂಬರಿನಲ್ಲಿ ಮೈಸೂರಿಗೆ ಬಂತು. ಇವತ್ತಿನ ಈರೋಡು, ತಿರುಪ್ಪೂರು ಜಿಲ್ಲೆಗಳೆಲ್ಲ ಆಗ ಅದೇ ಒಂದು ಜಿಲ್ಲೆಯ ಒಳಗೆ.

ಪಿಳ್ಳೆಯವರು ಹುಟ್ಟಿದ್ದು 1872ರ ಸೆಪ್ಟೆಂಬರ್ 5ರಂದು, ತೂತುಕುಡಿ ಹತ್ತಿರದ ಒಟ್ಟಪಿಡಾರದಲ್ಲಿ. ಕೊಯಮತ್ತೂರು ಜೈಲು ಕಟ್ಟಿದ್ದೂ ಅದೇ 1872ರಲ್ಲಿ. ಇದಕ್ಕೆ ಅರ್ಥ ಹುಡುಕುವುದು ಬೇಡ, ಹಾಗಿದೆ ಅಷ್ಟೆ. ತಂದೆ ಉಲಗನಾಥ ಪಿಳ್ಳೆ, ತಾಯಿ ಪರಮಾಯಿ ಅಮ್ಮಾಳ್. ಮಗನೂ ಪ್ಲೀಡರ್ ಪರೀಕ್ಷೆ ಪಾಸು ಮಾಡಿ ಮೊದಲು ಊರಿನಲ್ಲಿ, ಆಮೇಲೆ ತೂತುಕುಡಿಯಲ್ಲಿ ವಕೀಲಿ ಹಿಡಿದರು. ಸಂಪಾದನೆ ಚೆನ್ನಾಗಿತ್ತು. ಸುಮ್ಮನಿದ್ದಿದ್ದರೆ ಬಂಗಲೆ ಕಟ್ಟಿಕೊಂಡು ಇರಬಹುದಿತ್ತು.

ತೂತುಕುಡಿಯಿಂದ ಕೊಲಂಬೊಗೆ ಜನ ಹೋಗಬೇಕಾದರೂ ಸರಕು ಹೋಗಬೇಕಾದರೂ ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಯದೇ ಕಾರುಬಾರು. ಅವರು ಕೇಳಿದ್ದೇ ಬಾಡಿಗೆ. ಮಾಲು ನಮ್ಮದು, ಬೆವರು ನಮ್ಮದು, ಸಾಗಿಸುವ ದಾರಿ ಮಾತ್ರ ಬೇರೆಯವರ ಕೈಯಲ್ಲಿ ಅಂದರೆ ಏನಾಗುತ್ತದೆ ಅಂತ ಈ ಪುಟ ಓದುವ ವ್ಯಾಪಾರಸ್ಥರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. 1906ರ ಅಕ್ಟೋಬರಿನಲ್ಲಿ ಪಿಳ್ಳೆಯವರು ಸ್ವದೇಶಿ ಸ್ಟೀಮ್ ನ್ಯಾವಿಗೇಷನ್ ಕಂಪನಿ ರಿಜಿಸ್ಟರ್ ಮಾಡಿಸಿದರು. ಬಂಡವಾಳ 10 ಲಕ್ಷ ರೂಪಾಯಿ, ತಲಾ 25 ರೂಪಾಯಿಯ 40,000 ಷೇರು. ಅಧ್ಯಕ್ಷರು ಪಾಂಡಿತ್ತುರೈ ದೇವರ್. ಹಾಜಿ ಮಹಮ್ಮದ್ ಬಕೀರ್ ಸೇಠ್ ಅನ್ನುವವರು ಒಬ್ಬರೇ 8,000 ಷೇರು ತಗೊಂಡು 2 ಲಕ್ಷ ಹಾಕಿದರು. ಪಿಳ್ಳೆಯವರು ಬೊಂಬಾಯಿ, ಅಲ್ಲಿ ಇಲ್ಲಿ ಅಲೆದು ಷೇರು ಮಾರಿ, ಕೊನೆಗೆ ಗ್ಯಾಲಿಯಾ, ಲಾವೋ ಅಂತ ಎರಡು ಹಡಗು ತರಿಸಿದರು. 1907ರಲ್ಲಿ ಅವು ತೂತುಕುಡಿ ಬಂದರಿಗೆ ಬಂದು ನಿಂತಾಗ ಆ ಊರಿನ ಜನಕ್ಕೆ ಅದು ಜಾತ್ರೆಯೇ ಆಯಿತು.

ಇಂಗ್ಲಿಷ್ ಕಂಪನಿ ಬಾಡಿಗೆ ಇಳಿಸಿತು. ಸ್ವದೇಶಿಯವರೂ ಇಳಿಸಿದರು. ಅವರು ಮತ್ತೂ ಇಳಿಸಿದರು. ಕೊನೆಗೆ ಬಿಟ್ಟಿ ಪ್ರಯಾಣ, ಮೇಲೆ ಒಂದು ಛತ್ರಿ ಇನಾಮು ಅಂತ ಕೂಗಿದರು ಅನ್ನುತ್ತಾರೆ. ಹಣವುಳ್ಳವನು ಬಡ ಅಂಗಡಿಯವನನ್ನು ಮುಗಿಸುವ ರೀತಿ ಆಗಲೂ ಇದೇ, ಈಗಲೂ ಇದೇ.

ಇಷ್ಟು ವಿವರವಾಗಿ ಯಾಕೆ ಹೇಳಿದೆ ಅಂದರೆ, ಪಿಳ್ಳೆಯವರಿಗೆ ಸ್ವಾತಂತ್ರ್ಯ ಅನ್ನುವುದು ಮೊದಲು ವ್ಯಾಪಾರದ ಮಾತಾಗಿತ್ತು. ನಮ್ಮ ದುಡ್ಡು, ನಮ್ಮ ಹಡಗು, ನಮ್ಮ ಲೆಕ್ಕದ ಪುಸ್ತಕ. ಬಾವುಟ, ಭಾಷಣ ಎಲ್ಲ ಅದರ ಹಿಂದೆ ಬಂದವು. 1908ರ ಫೆಬ್ರವರಿ ಕೊನೆಗೆ ತೂತುಕುಡಿಯ ಕೋರಲ್ ಮಿಲ್ಲಿನ ಕೂಲಿಗಳು ಕೆಲಸ ನಿಲ್ಲಿಸಿದಾಗ ಅವರ ಪರ ನಿಂತರು. ಬೇಡಿಕೆ ದೊಡ್ಡದೇನಲ್ಲ, ಸ್ವಲ್ಪ ಕೂಲಿ, ಸ್ವಲ್ಪ ಬಿಡುವು, ವಾರಕ್ಕೊಂದು ರಜ. ಮಿಲ್ಲಿನವರು ಮಣಿಯಬೇಕಾಯಿತು. ಸರ್ಕಾರಕ್ಕೆ ಕಣ್ಣು ಕೆಂಪಾಗಿದ್ದು ಅಲ್ಲಿಂದ ಅಂತ ನನ್ನ ಅಂದಾಜು. ಹಡಗು ಓಡಿಸುವ ವಕೀಲ ಒಬ್ಬನಿದ್ದರೆ ಇರಲಿ, ಅವನ ಹಿಂದೆ ಕೂಲಿಯವರೂ ನಿಂತರೆ ಹೇಗೆ?

ಮಾರ್ಚ್ 9ಕ್ಕೆ ಬಂಗಾಳದ ಬಿಪಿನ್ ಚಂದ್ರ ಪಾಲರ ಬಿಡುಗಡೆಯ ಸಂತೋಷಕ್ಕೆ ಸಭೆ ನಡೆಯಿತು. ಮಾರ್ಚ್ 12ಕ್ಕೆ ಪಿಳ್ಳೆಯವರನ್ನೂ ಅವರ ಗೆಳೆಯ ಸುಬ್ರಮಣ್ಯ ಶಿವ ಅವರನ್ನೂ ಹಿಡಿದರು. ಮಾರನೆ ದಿನ ತಿರುನೆಲ್ವೇಲಿಯಲ್ಲಿ ಗಲಭೆಯಾಗಿ ಗುಂಡಿಗೆ ನಾಲ್ಕು ಜನ ಸತ್ತರು. ಜುಲೈ 7ರಂದು ಪಿನ್ಹೆ ಎಂಬ ಜಡ್ಜಿ ತೀರ್ಪು ಓದಿದ. ಎರಡು ಆರೋಪ, ಒಂದೊಂದಕ್ಕೂ ಇಪ್ಪತ್ತು ವರ್ಷ ಗಡೀಪಾರು. ಜನ ಅದನ್ನು ಕೂಡಿಸಿ ನಲವತ್ತು ವರ್ಷ ಅಂತಲೇ ಲೆಕ್ಕ ಹಾಕಿದರು. ಆಗ ಪಿಳ್ಳೆಯವರಿಗೆ ಇನ್ನೂ 36 ತುಂಬಿರಲಿಲ್ಲ. ಸುದ್ದಿ ಕೇಳಿ ಅವರ ತಮ್ಮನಿಗೆ ಬುದ್ಧಿ ಸ್ಥಿಮಿತ ತಪ್ಪಿತು, ಮತ್ತೆ ಸರಿಯಾಗಲಿಲ್ಲ. ಲಂಡನ್ನಿನಲ್ಲಿದ್ದ ಮಂತ್ರಿ ಮಾರ್ಲಿಗೇ ಈ ಶಿಕ್ಷೆ ಅತಿಯಾಯಿತು ಅನ್ನಿಸಿತ್ತು. ಅಪೀಲಿನಲ್ಲಿ ಹೈಕೋರ್ಟು ಆರು ವರ್ಷಕ್ಕೆ ಇಳಿಸಿತು. ಅಂಡಮಾನಿಗೆ ಕಳಿಸುವುದು ತಪ್ಪಿತು. ಅಷ್ಟರಲ್ಲಾಗಲೇ, ತೀರ್ಪಾದ ಎರಡೇ ದಿನಕ್ಕೆ, ಅಂದರೆ ಜುಲೈ 9ಕ್ಕೆ, ಅವರನ್ನು ಕೊಯಮತ್ತೂರಿಗೆ ತಂದಿದ್ದರು.

ಇದೇ ತಿಂಗಳಲ್ಲಿ, ಜುಲೈ 22ಕ್ಕೆ, ಬೊಂಬಾಯಿಯಲ್ಲಿ ಬಾಲಗಂಗಾಧರ ತಿಲಕರಿಗೂ ಆರು ವರ್ಷ ಶಿಕ್ಷೆಯಾಯಿತು. ಪಿಳ್ಳೆಯವರು ತಿಲಕರನ್ನು ಗುರು ಅಂತ ತಿಳಿದವರು. ತಿಲಕರನ್ನು ಬರ್ಮಾದ ಮಾಂಡಲೆಗೆ ಒಯ್ದರು. ಅದೂ ಕಷ್ಟವೇ, ಹೆಂಡತಿ ಸತ್ತ ಸುದ್ದಿ ಅವರಿಗೆ ಅಲ್ಲೇ ಮುಟ್ಟಿತು. ಆದರೆ ಅವರಿಗೆ ಮೈಮುರಿಯುವ ಕೆಲಸ ಇರಲಿಲ್ಲ, ಪುಸ್ತಕ ಸಿಕ್ಕವು, ಕೂತು ಗೀತಾರಹಸ್ಯ ಬರೆದರು. ತಿಲಕರ ಶಿಷ್ಯನಿಗೆ ಕೊಯಮತ್ತೂರಿನಲ್ಲಿ ಸಿಕ್ಕಿದ್ದು ಕಳ್ಳಕಾಕರ ಜೊತೆ ಕಠಿಣ ಸಜೆ. ರಾಜಕೀಯ ಕೈದಿ ಅಂತ ಬೇರೆ ಲೆಕ್ಕ ಆಗ ಇರಲಿಲ್ಲ. ಎ, ಬಿ, ಸಿ ಕ್ಲಾಸು ಅನ್ನುವುದೆಲ್ಲ 1929ರಲ್ಲಿ ಲಾಹೋರಿನ ಜೈಲಿನಲ್ಲಿ ಜತೀನ್ ದಾಸ್ 63 ದಿನ ಉಪವಾಸ ಕೂತು ಪ್ರಾಣ ಬಿಟ್ಟ ಮೇಲಿನ ಮಾತು.

ಮೊದಲು ಅವರನ್ನು ನಾರು ಬಿಡಿಸುವ ಯಂತ್ರಕ್ಕೆ ಹಾಕಿದರು. ಲೇಖನಿ ಹಿಡಿದ ಕೈ, ಅಂಗೈ ಚರ್ಮ ಕಿತ್ತು ರಕ್ತ ಬಂತು. ಸರಿ, ಇದು ಆಗದು ಅಂತ ಗಾಣಕ್ಕೆ ಕಟ್ಟಿದರು. ಕೊಯಮತ್ತೂರಿನ ಬಿಸಿಲು ಎಂಥದ್ದು ಅಂತ ಬೇಸಿಗೆಯಲ್ಲಿ ಹೋದವರಿಗೆ ಗೊತ್ತು. ಆ ಬಿಸಿಲಿನಲ್ಲಿ, ಎತ್ತು ಎಳೆಯುವುದನ್ನು ಇವರು ಎಳೆದರು. ಇದನ್ನೆಲ್ಲ ಮುಂದೆ ತಮ್ಮ ಆತ್ಮಕಥೆಯಲ್ಲಿ, ಪದ್ಯದಲ್ಲಿ, ಅವರೇ ಬರೆದಿಟ್ಟಿದ್ದಾರೆ. ಅದು ಅಚ್ಚಾಗಿದ್ದು 1946ರಲ್ಲಿ, ಅವರು ಸತ್ತು ಹತ್ತು ವರ್ಷಕ್ಕೆ.

ಗಾಣದ ಸುತ್ತು ಸುತ್ತುವ ಮನುಷ್ಯನ ತಲೆಯಲ್ಲಿ ಏನು ಓಡುತ್ತಿತ್ತು? ಇದನ್ನು ನಾನು ತುಂಬ ದಿನ ಯೋಚನೆ ಮಾಡಿದ್ದೇನೆ. ಉತ್ತರಕ್ಕೆ ಒಂದು ದಾರಿ ಇದೆ, ಅವರು ಜೈಲಿನಲ್ಲಿದ್ದು ಮಾಡಿದ ಬರವಣಿಗೆ. ಜೇಮ್ಸ್ ಅಲೆನ್ ಎಂಬ ಇಂಗ್ಲಿಷಿನವನ ಒಂದು ಸಣ್ಣ ಪುಸ್ತಕ 1903ರಲ್ಲಿ ಬಂದಿತ್ತು. ಮನುಷ್ಯನ ಮನಸ್ಸು ಹೇಗೋ ಅವನ ಬಾಳು ಹಾಗೆ ಅನ್ನುವುದು ಅದರ ಸಾರ. ಪಿಳ್ಳೆಯವರು ಅದನ್ನು ಮನಂ ಪೋಲ ವಾಳ್ವು ಅಂತ ತಮಿಳಿಗೆ ತಂದರು. ಇಂಗ್ಲಿಷರ ಸರ್ಕಾರ ಗಾಣಕ್ಕೆ ಕಟ್ಟಿದೆ, ಇವರು ಇಂಗ್ಲಿಷಿನವನ ಪುಸ್ತಕವನ್ನೇ ತಮ್ಮ ಜನಕ್ಕೆ ಕೊಡುತ್ತಿದ್ದಾರೆ. ಅವರ ಜಗಳ ಆಳುವವರ ಜೊತೆಗೇ ಹೊರತು ಆ ಭಾಷೆಯ ಒಳ್ಳೆ ಮಾತಿನ ಜೊತೆ ಇರಲಿಲ್ಲ. ಎರಡು ಭಾಷೆಯ ನಡುವೆ ಬದುಕುವ ನಮ್ಮಂಥವರಿಗೆ ಇದು ಬೇಗ ಅರ್ಥವಾಗುತ್ತದೆ. ಈ ದಿನಗಳಲ್ಲಿ ಅವರಿಗೆ ನೆರವಾದವರಲ್ಲಿ ಕೊಯಮತ್ತೂರಿನ ವಕೀಲ ಸಿ. ಕೆ. ಸುಬ್ರಮಣ್ಯ ಮುದಲಿಯಾರ್ ಒಬ್ಬರು. ಮುಂದೆ ಪೆರಿಯಪುರಾಣಕ್ಕೆ ವ್ಯಾಖ್ಯಾನ ಬರೆದು ದೊಡ್ಡ ಹೆಸರು ಮಾಡಿದವರು ಅವರೇ.

ಕೆಲವರು ಹೇಳುತ್ತಾರೆ, ಜೈಲಿಗೆ ಹೋಗಿ ಪಿಳ್ಳೆ ಮೆತ್ತಗಾದರು, ಹಡಗು ಬಿಟ್ಟು ವೇದಾಂತ ಹಿಡಿದರು ಅಂತ. ನನಗೆ ಹಾಗೆ ಕಾಣುವುದಿಲ್ಲ. ಎತ್ತಿಗೆ ಕಣ್ಣು ಕಟ್ಟಿದರೆ ಸಾಕು, ಅದು ನಡೆಯುತ್ತದೆ. ಮನುಷ್ಯನನ್ನು ಎತ್ತು ಮಾಡಬೇಕಾದರೆ ಬಟ್ಟೆ ಸಾಲದು, ತಾನು ಎತ್ತು ಅಂತ ಅವನೇ ಒಪ್ಪಿಕೊಳ್ಳಬೇಕು. ಅವರು ಗಾಣ ಎಳೆದರು, ಒಪ್ಪಿಕೊಳ್ಳಲಿಲ್ಲ. ಜೊತೆಯ ಕೈದಿಗಳಲ್ಲಿ ಅವರನ್ನು ಕಂಡು ಕೈಮುಗಿಯುವವರಿದ್ದರು, ಅಧಿಕಾರಿಗಳಿಗೆ ಅದು ಸಹಿಸದು. ಗಾಣ ಎಳೆಯುವವನಿಗೆ ನಮಸ್ಕಾರ ಏನಕ್ಕೆ ಅಂತ ಅವರ ಸಿಟ್ಟು. ಆ ಸಿಟ್ಟೇ ಹೇಳುತ್ತದಲ್ಲ, ಗಾಣಕ್ಕೆ ಕಟ್ಟಿದ ಕೆಲಸ ಅವರಂದುಕೊಂಡಂತೆ ಮುಗಿದಿರಲಿಲ್ಲ.

ಹಂಗಂತ ಒಳಗಿನ ಸ್ವಾತಂತ್ರ್ಯ ಇದ್ದರೆ ಹೊರಗಿನದು ಬೇಡ ಅಂತ ಅಲ್ಲ. ಆ ಮಾತು ಹೇಳುವುದು ಹೊಟ್ಟೆ ತುಂಬಿದವರಿಗೆ ಸುಲಭ. ಅವರು ಒಳಗಿದ್ದಾಗ ಹೊರಗೆ ಅವರ ಹೆಂಡತಿ ಮೀನಾಕ್ಷಿ ಅಮ್ಮಾಳ್ ಸರ್ಕಾರಕ್ಕೆ ಅರ್ಜಿ ಮೇಲೆ ಅರ್ಜಿ ಹಾಕುತ್ತಿದ್ದರು. ಕಂಪನಿ ದಿನೇದಿನೇ ಸೊರಗುತ್ತಿತ್ತು. ಹೆದರಿದವರು ಕೈ ಹಿಂದೆ ತಗೊಂಡರು. 1911ರಲ್ಲಿ ಕಂಪನಿ ಮುಚ್ಚಿತು, ಗ್ಯಾಲಿಯಾ ಹಡಗನ್ನು ಅದೇ ಇಂಗ್ಲಿಷ್ ಕಂಪನಿಗೆ ಮಾರಿದರು. ಇದು ತಿಳಿದಾಗ ಪಿಳ್ಳೆಯವರಿಗೆ ಗಾಣದ ನೋವಿಗಿಂತ ಹೆಚ್ಚಾಗಿರಬೇಕು. ಅಂಗಡಿ ಕಟ್ಟಿ ಬೆಳೆಸಿದವನಿಗೆ, ಎದುರಿನವನೇ ಬಂದು ತಕ್ಕಡಿ ಸಮೇತ ಎತ್ತಿಕೊಂಡು ಹೋದರೆ ಹೇಗಿರುತ್ತದೋ ಹಾಗೆ.

1910ರ ಡಿಸೆಂಬರ್ 1ಕ್ಕೆ ಅವರನ್ನು ಕೊಯಮತ್ತೂರಿನಿಂದ ಮಲಬಾರಿನ ಕಣ್ಣೂರು ಜೈಲಿಗೆ ಸಾಗಿಸಿದರು. ಕುರಳಿನ ಹಾದಿಯಲ್ಲಿ ಧರ್ಮ, ನೀತಿ, ಅರಿವು ಹೇಳುವ ಮೆಯ್ಯರಂ, ಮೆಯ್ಯರಿವು ಎಂಬ ಪದ್ಯ ಪುಸ್ತಕಗಳು ಹೊರಬಂದದ್ದು 1914, 1915ರಲ್ಲಿ, ಬೇರು ಇರುವುದು ಆ ಜೈಲಿನಲ್ಲಿ. ಅವರು ಅಲ್ಲಿರುವಾಗಲೇ, 1911ರ ಜೂನ್ 17ಕ್ಕೆ, ಕಲೆಕ್ಟರ್ ಆಷ್‌ನನ್ನು ಮಣಿಯಾಚಿ ಸ್ಟೇಷನ್ನಿನಲ್ಲಿ ವಾಂಚಿನಾಥನ್ ಗುಂಡಿಕ್ಕಿ ಕೊಂದ. ಸ್ವದೇಶಿ ಕಂಪನಿಯನ್ನು ಅಮುಕಿದವರಲ್ಲಿ ಆಷ್ ಒಬ್ಬ ಅಂತ ಜನಕ್ಕೆ ಕೋಪವಿತ್ತು. ಅಷ್ಟು ಹೇಳಿ ಮುಂದಕ್ಕೆ ಹೋಗುತ್ತೇನೆ, ಅದು ಬೇರೆಯದೇ ಕಥೆ.

1912ರ ಡಿಸೆಂಬರ್ 24ಕ್ಕೆ ಕಣ್ಣೂರು ಜೈಲಿನ ಬಾಗಿಲು ತೆರೆಯಿತು. ಹಿಡಿದ ದಿನ ಎರಡು ಊರು ಹೊತ್ತಿ ಉರಿದಿದ್ದವು. ಬಿಟ್ಟ ದಿನ ಕಾದಿದ್ದವರು ಬೆರಳೆಣಿಕೆಯ ಮಂದಿ. ಅವರಲ್ಲಿ ಒಬ್ಬರು ಸುಬ್ರಮಣ್ಯ ಶಿವ. ಸ್ವಲ್ಪ ದಿನ ಮುಂಚೆ ಬಿಡುಗಡೆಯಾಗಿದ್ದ ಶಿವ ಅವರಿಗೆ ಜೈಲಿನಲ್ಲೇ ಕುಷ್ಠ ಹತ್ತಿತ್ತು.

ಈಗ ಬಿಡುಗಡೆಯಾಯಿತಲ್ಲ, ಸ್ವತಂತ್ರರಾದರಲ್ಲ ಅನ್ನಬಹುದು. ಲೆಕ್ಕ ನೋಡಿ. ವಕೀಲಿ ಸನ್ನದು ಕಿತ್ತುಕೊಂಡಿದ್ದರು. ಸ್ವಂತ ತಿರುನೆಲ್ವೇಲಿ ಜಿಲ್ಲೆಗೆ ಕಾಲಿಡುವ ಹಾಗಿರಲಿಲ್ಲ. ಹಡಗು ಹೋಗಿತ್ತು, ಆಸ್ತಿ ಕರಗಿತ್ತು. ಮದ್ರಾಸಿಗೆ ಹೋಗಿ ಸಣ್ಣ ಅಂಗಡಿ ಇಟ್ಟರು, ಅದೂ ಕೈಹತ್ತಲಿಲ್ಲ. ಜೈಲಿನಲ್ಲಿ ಬರುವ ದಿನ ಗೊತ್ತಿರುತ್ತದೆ, ಬಿಡುವ ದಿನವೂ ಗೊತ್ತಿರುತ್ತದೆ. ಈ ಎರಡನೆಯ ಸಜೆಗೆ ತಾರೀಖೇ ಇರಲಿಲ್ಲ. ಗೇಣಿ ಜಮೀನು ಬಿಡಿಸಿಕೊಂಡ ರೈತನನ್ನೋ, ಲೈಸೆನ್ಸ್ ರದ್ದಾದ ಮಂಡಿಯವನನ್ನೋ ಕೇಳಿದರೆ ಇದರ ಅರ್ಥ ನನಗಿಂತ ಚೆನ್ನಾಗಿ ಹೇಳಿಯಾರು.

ಈ ಕಾಲದ ಒಂದು ವಿಷಯ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ದಕ್ಷಿಣ ಆಫ್ರಿಕಾದ ನಮ್ಮ ಜನ ಪಿಳ್ಳೆಯವರಿಗಾಗಿ ಸ್ವಲ್ಪ ಹಣ ಕೂಡಿಸಿ ಗಾಂಧೀಜಿ ಕೈಗೆ ಕೊಟ್ಟಿದ್ದರು. 1915ರಲ್ಲಿ ಗಾಂಧೀಜಿ ಮದ್ರಾಸಿಗೆ ಬಂದಾಗ ಇಬ್ಬರ ನಡುವೆ ಪತ್ರ ಶುರುವಾಯಿತು. ಗಾಂಧೀಜಿ ಹಣ ಯಾರದು, ಎಷ್ಟು ಅಂತ ಲೆಕ್ಕ ತೆಗೆಯುವುದರಲ್ಲಿ ತಿಂಗಳುಗಳು ಕಳೆದವು. ಇವರು ಮತ್ತೆ ಮತ್ತೆ ಬರೆದು ಕೇಳಬೇಕಾಯಿತು. ಬೇರೆ ಹೊತ್ತಾಗಿದ್ದರೆ ಬೇಡ ಅನ್ನುತ್ತಿದ್ದೆ, ಈಗಿನ ಸ್ಥಿತಿಯಲ್ಲಿ ಬೇಡ ಅನ್ನುವುದು ತಪ್ಪಾಗುತ್ತದೆ ಅನ್ನುವ ಅರ್ಥದಲ್ಲಿ ಬರೆದಿದ್ದರು. ಕೊನೆಗೆ 1916ರಲ್ಲಿ ಬಂದದ್ದು 347 ರೂಪಾಯಿ 12 ಆಣೆ. ಹತ್ತು ಲಕ್ಷದ ಕಂಪನಿ ಕಟ್ಟಿದವರು ಆ ಹನ್ನೆರಡು ಆಣೆಯನ್ನೂ ಎಣಿಸಿಕೊಂಡರು.

1920ರ ಸುಮಾರಿಗೆ ಅವರು ಸಂಸಾರದೊಂದಿಗೆ ಬಂದು ಸೇರಿದ್ದು ಯಾವ ಊರಿಗೆ ಅಂತೀರಿ? ಇದೇ ಕೊಯಮತ್ತೂರಿಗೆ. ಒಂದು ಬ್ಯಾಂಕಿನಲ್ಲಿ ಮ್ಯಾನೇಜರ್ ಕೆಲಸ ಮಾಡಿದರು, ಮಿಲ್ ಕೆಲಸಗಾರರ ಸಂಘದಲ್ಲೂ ಓಡಾಡಿದರು. ಬೇರೆಯವರಾಗಿದ್ದರೆ ಆ ಊರಿನ ದಿಕ್ಕಿಗೂ ತಲೆ ಹಾಕುತ್ತಿರಲಿಲ್ಲ. ಇವರಿಗೆ ಜೈಲಿನ ಮೇಲೆ ಕೋಪವಿದ್ದರೂ ಊರಿನ ಮೇಲೆ ಇರಲಿಲ್ಲ. ಆ ದಿನಗಳಲ್ಲಿ ಜೈಲಿನ ಗೋಡೆ ಬದಿ ನಡೆದು ಹೋದಾಗ ಒಳಗೆ ಗಾಣ ತಿರುಗುವ ಸದ್ದಿಗೆ ಕಿವಿಗೊಟ್ಟರೋ ಇಲ್ಲವೋ, ನಾವು ಊಹಿಸಬಹುದು ಅಷ್ಟೆ.

ಅದೇ 1920ರಲ್ಲಿ ಕಲ್ಕತ್ತಾ ಕಾಂಗ್ರೆಸ್ಸಿನಲ್ಲಿ ಗಾಂಧೀಜಿ ಅಸಹಕಾರ ಸಾರಿದರು. ವಕೀಲರು ಕೋರ್ಟು ಬಿಡಬೇಕು ಅನ್ನುವುದೂ ಅದರಲ್ಲಿತ್ತು. ಪಿಳ್ಳೆಯವರು ಒಪ್ಪಲಿಲ್ಲ, ಕಾಂಗ್ರೆಸ್ಸಿನಿಂದ ದೂರವಾದರು. ವಿಚಾರ ಭೇದವೇ ಅದಕ್ಕೆ ಕಾರಣ, ತಿಲಕರ ಹಾದಿ ಬೇರೆ ಗಾಂಧಿ ಹಾದಿ ಬೇರೆ. ಆದರೂ ನನಗೊಂದು ಅನ್ನಿಸುತ್ತದೆ. ಸನ್ನದು ಇದ್ದವರು ತ್ಯಾಗ ಮಾಡಿದರೆ ಹಾರ ಬೀಳುತ್ತದೆ, ಇವರಿಂದ ಅದನ್ನು ಹನ್ನೆರಡು ವರ್ಷ ಮುಂಚೆಯೇ ಕಿತ್ತುಕೊಂಡಿದ್ದರು, ಅದಕ್ಕೆ ಯಾರು ಹಾರ ಹಾಕುತ್ತಾರೆ? ಸನ್ನದು ವಾಪಸು ಸಿಗುವುದಕ್ಕೆ ನೆರವಾದವರು ವ್ಯಾಲೇಸ್ ಎಂಬ ಇಂಗ್ಲಿಷ್ ಜಡ್ಜಿ. ಆ ಉಪಕಾರಕ್ಕೆ ಪಿಳ್ಳೆಯವರು ತಮ್ಮ ಕೊನೆಯ ಮಗನಿಗೆ ವಾಲೇಶ್ವರನ್ ಅಂತ ಹೆಸರಿಟ್ಟರು. ಇಂಗ್ಲಿಷರ ದೊರೆತನ ಹೋಗಬೇಕು ಅಂತ ಗಾಣ ಎಳೆದ ಮನುಷ್ಯ ಇಂಗ್ಲಿಷಿನವನ ಹೆಸರನ್ನು ಮನೆಯೊಳಗೆ ಕರೆದು ತೊಟ್ಟಿಲಲ್ಲಿ ಮಲಗಿಸಿದರು. ದ್ವೇಷ ಇರದ ಸ್ವಾತಂತ್ರ್ಯ ಅಂದರೆ ಹೇಗಿರುತ್ತದೆ ಅಂತ ಕೇಳಿದರೆ ನಾನು ಈ ಹೆಸರನ್ನು ತೋರಿಸುತ್ತೇನೆ.

ಆಮೇಲೆ ಕೋವಿಲ್ಪಟ್ಟಿಯಲ್ಲಿ, ಕೊನೆಗೆ ತೂತುಕುಡಿಯಲ್ಲಿ ವಕೀಲಿ ನಡೆಸಿದರು. ತೊಲ್ಕಾಪ್ಪಿಯಂ, ತಿರುಕ್ಕುರಳ್ ಕೆಲಸದಲ್ಲಿ ತೊಡಗಿದರು. ಅಷ್ಟರಲ್ಲಿ ಸ್ವಾತಂತ್ರ್ಯದ ಹೋರಾಟ ಹೊಸ ಹುಡುಗರ ಕೈಗೆ ಬಂದಿತ್ತು. 1932ರ ಜನವರಿ 10ಕ್ಕೆ ಪಕ್ಕದ ತಿರುಪ್ಪೂರಿನಲ್ಲಿ ಚೆನ್ನಿಮಲೆಯ ನೇಕಾರರ ಮನೆಯ ಕುಮಾರನ್, 27ರ ಹುಡುಗ, ಲಾಠಿ ಏಟು ತಿಂದು ಬಿದ್ದರೂ ಬಾವುಟ ಬಿಡಲಿಲ್ಲ, ಮಾರನೆ ದಿನ ತೀರಿಕೊಂಡ. ಬನಿಯನ್ ಖರೀದಿಗೆ ತಿರುಪ್ಪೂರಿಗೆ ಹೋಗುವವರೆಲ್ಲ ಆ ಹೆಸರು ಕೇಳಿರುತ್ತೀರಿ. ಅದು ಒಂದು ದಿನದ ಬೆಂಕಿ, ಜನ ಮರೆಯುವುದಿಲ್ಲ. ಪಿಳ್ಳೆಯವರದು ಮೂವತ್ತು ವರ್ಷ ನಿಧಾನಕ್ಕೆ ಉರಿದ ದೀಪ, ಎಣ್ಣೆಯೂ ಅವರದೇ.

ಅವರನ್ನು ಜನ ಮತ್ತೆ ಕಂಡದ್ದು ಸಿನಿಮಾದಲ್ಲಿ ಅಂದರೂ ಸರಿಯೇ. 1961ರಲ್ಲಿ ಕಪ್ಪಲೋಟ್ಟಿಯ ತಮಿಳನ್ ಚಿತ್ರ ಬಂತು, ಶಿವಾಜಿ ಗಣೇಶನ್ ಗಾಣ ಎಳೆಯುವುದನ್ನು ನೋಡಿ ಟೆಂಟಿನಲ್ಲಿ ಅತ್ತವರಿದ್ದಾರೆ. ಮಾಡಿದವರು ನಮ್ಮ ಬಿ. ಆರ್. ಪಂತುಲು, ಸ್ಕೂಲ್ ಮಾಸ್ಟರ್ ಮತ್ತು ಕಿತ್ತೂರು ಚೆನ್ನಮ್ಮ ಮಾಡಿದವರೇ. ಚಿತ್ರ ದುಡ್ಡು ಮಾಡಲಿಲ್ಲವಂತೆ. 1972ರಲ್ಲಿ ಅಂಚೆಚೀಟಿ ಬಂತು, 2011ರಲ್ಲಿ ತೂತುಕುಡಿ ಬಂದರಿಗೇ ಅವರ ಹೆಸರಿಟ್ಟರು. ಅವರು ಎಳೆದ ಗಾಣವನ್ನು ಚೆನ್ನೈನ ಗಿಂಡಿಯ ಗಾಂಧಿ ಮಂಟಪದ ಆವರಣದಲ್ಲಿ ಇಟ್ಟಿದ್ದಾರೆ. ಆ ಕಡೆ ಹೋದವರು ನೋಡಬಹುದು.

ಪಿಳ್ಳೆಯವರು ತೀರಿಕೊಂಡದ್ದು 1936ರ ನವೆಂಬರ್ 18ಕ್ಕೆ, ತೂತುಕುಡಿಯಲ್ಲಿ. ಅದಕ್ಕೆ ಮುಂಚೆ ಒಂದು ಉಯಿಲು ಬರೆಸಿದರು. ಹಡಗಿನ ಮಾತಲ್ಲದೆ ಗಾಣದ ಮಾತಲ್ಲದೆ, ಅದರಲ್ಲಿ ಊರಿನ ಅಂಗಡಿಗಳಿಗೆ ತಾವು ಕೊಡಬೇಕಾದ ಸಾಲಗಳಿವೆ, ಅವನ್ನು ತೀರಿಸಬೇಕು ಅನ್ನುವ ಏರ್ಪಾಡಿದೆ.